ಸಣ್ಣ ಊರಿನ ಚರಿತ್ರೆ ಎಲ್ಲಿ ಸಿಗುತ್ತದೆ? ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಈ ಸಲ ಬಂದ ಪತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ವಿಷಯ ಕೇಳಿವೆ: ಗದ್ದೆ, ತೋಟ, ನಾಲ್ಕಾರು ಮನೆ ಇರುವ ನಮ್ಮಂಥ ಊರಿನ ಹಿಂದಿನದನ್ನು ತಿಳಿಯುವುದು ಹೇಗೆ? ಕಂದಾಯ ದಾಖಲೆ, ಶಾಸನ, ತೋಟದ ಕೆಲಸ ಬಲ್ಲವರ ಉತ್ತರಗಳು ಇಲ್ಲಿವೆ.

ಪ್ರಶ್ನೆ: ನಮ್ಮದು ಮೂವತ್ತೆಂಟು ಮನೆಯ ಊರು. ಕೋಟೆಯಿಲ್ಲ, ದೊಡ್ಡ ದೇವಸ್ಥಾನವಿಲ್ಲ. ಯುವಕ ಸಂಘದವರು ಸೇರಿ ಊರಿನ ಚರಿತ್ರೆ ಬರೆಯಬೇಕೆಂದಿದ್ದೇವೆ. ಕೆಳದಿ ಅರಸರಿಂದ ಶುರು ಮಾಡಿ ಎನ್ನುತ್ತಾರೆ ಕೆಲವರು. ಎಲ್ಲಿಂದ ಹಿಡಿಯಬೇಕು?
(ಸಾಗರ ತಾಲ್ಲೂಕಿನ ಓದುಗರು)

ಉತ್ತರ: ಅರಸರಿಂದ ಶುರು ಮಾಡಬೇಡಿ. ಅರಸರ ವಂಶಾವಳಿಯನ್ನು ಪಕ್ಕದ ಊರಿನವರೂ ಹಾಗೇ ಬರೆದುಕೊಳ್ಳಬಹುದು, ಅದರಲ್ಲಿ ನಿಮ್ಮ ಊರು ಕಾಣುವುದಿಲ್ಲ. ಗ್ರಾಮ ನಕ್ಷೆಯಿಂದ ಹಿಡಿಯಿರಿ.

ಮೈಸೂರು ಸೀಮೆಯಲ್ಲಿ ಭೂಮಾಪನ ಮತ್ತು ಕಂದಾಯ ನಿಗದಿಯ ಕೆಲಸ ಶುರುವಾದದ್ದು 1863ರಲ್ಲಿ. ಇಂದಿನ ಸರ್ವೆ ನಂಬರಿನ ಪದ್ಧತಿಗೆ ಅದೇ ಬುಡ. ಊರಿನ ಒಂದೊಂದು ತುಂಡು ನೆಲವನ್ನೂ ಸರಪಳಿ ಹಿಡಿದು ಅಳೆದು, ಕಲ್ಲು ನೆಟ್ಟು, ನಂಬರು ಕೊಟ್ಟರು. ಆ ಸರಪಳಿಯ ಉದ್ದ 33 ಅಡಿ, ಅದರಲ್ಲಿ 16 ಆಣೆ. ಒಂದು ಸರಪಳಿ ಚದರ ಅಂದರೆ ಒಂದು ಗುಂಟೆ, ನಲವತ್ತು ಗುಂಟೆ ಒಂದು ಎಕರೆ. ಗ್ರಾಮ ನಕ್ಷೆಯ ಅಳತೆ ಸಾಮಾನ್ಯವಾಗಿ 1:7920. ಅಂದರೆ ನಕ್ಷೆಯ ಒಂದು ಅಂಗುಲ ನೆಲದ ಮೇಲೆ 660 ಅಡಿ, ಒಂದು ಚದರ ಅಂಗುಲ ಸರಿಯಾಗಿ ಹತ್ತು ಎಕರೆ. ಇದು ಬಾಯಿಪಾಠವಾದರೆ ನಕ್ಷೆ ಓದುವುದು ಸಲೀಸು. ಜಾಲತಾಣದಿಂದ ಇಳಿಸಿದ ನಕ್ಷೆಯನ್ನು ಮುದ್ರಿಸುವಾಗ ಕಾಗದಕ್ಕೆ ಹೊಂದಿಸಲು ಅದು ಕುಗ್ಗಿಬಿಡುತ್ತದೆ, ಆಗ ಈ ಲೆಕ್ಕ ಕೆಡುತ್ತದೆ. ಅಳತೆ ಗೊತ್ತಿರುವ ಒಂದು ಗದ್ದೆಯನ್ನು ಹಿಡಿದು ಮೊದಲು ತಾಳೆ ನೋಡಿ.

ನಕ್ಷೆಯ ಜೊತೆಗೆ ಬೇಕಾದವು ನಾಲ್ಕು. ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಸರ್ವೆ ನಂಬರುವಾರು ಟಿಪ್ಪಣಿ (ಅಳತೆಯ ಕೈನಕ್ಷೆ) ಮತ್ತು ಆಕಾರಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ) ಸಿಗುತ್ತವೆ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹಳೆಯ ಕೈಬರಹದ ಪಹಣಿ ಮತ್ತು ಮ್ಯುಟೇಶನ್ (ಹಕ್ಕು ಬದಲಾವಣೆ) ಪುಸ್ತಕಗಳಿರುತ್ತವೆ. ನಕಲಿಗೆ ಅರ್ಜಿ ಬರೆಯುವಾಗ ‘ನಮ್ಮೂರಿನ ಎಲ್ಲ ದಾಖಲೆ’ ಎಂದು ಕೇಳಿದರೆ ಅರ್ಜಿ ಅಲ್ಲೇ ಕೂರುತ್ತದೆ. ಹೋಬಳಿ, ಗ್ರಾಮ, ಸರ್ವೆ ನಂಬರು, ಯಾವ ಸಾಲಿನಿಂದ ಯಾವ ಸಾಲಿನವರೆಗೆ ಎಂದು ಬಿಡಿಸಿ ಬರೆಯಿರಿ. ಮೊದಲು ಹತ್ತು ನಂಬರು ಸಾಕು: ಕೆರೆ, ದೇವರ ಬನ, ಊರ ನಡುವಿನ ಮನೆಗಳ ಜಾಗ, ಹಳೆಯ ತೋಟ, ಬೈಲಿನ ದೊಡ್ಡ ಗದ್ದೆ.

ಆಕಾರಬಂದಿನಲ್ಲಿ ಖರಾಬಿನ ಅಂಕಣವನ್ನು ಬಿಡದೆ ನೋಡಿ. ‘ಅ’ ಖರಾಬು ಸಾಗುವಳಿಗೆ ಬಾರದ ಕಲ್ಲು ನೆಲ. ‘ಬ’ ಖರಾಬು ದಾರಿ, ಹಳ್ಳ, ಕಟ್ಟೆ, ಸ್ಮಶಾನದಂಥ ಸಾರ್ವಜನಿಕ ಜಾಗ. ಈಗ ತೋಟದೊಳಗೆ ಮಾಯವಾಗಿರುವ ಹಳೆಯ ಗಾಡಿದಾರಿ, ಮುಚ್ಚಿಹೋದ ಕಟ್ಟೆ ಎಷ್ಟೋ ಕಡೆ ಈ ‘ಬ’ ಖರಾಬಿನ ಗುಂಟೆಗಳಲ್ಲಿ ಮಾತ್ರ ಉಳಿದಿವೆ.

ಇಲ್ಲಿ ಹೆಚ್ಚಿನವರು ಎಡವುವ ಜಾಗ ಒಂದಿದೆ. ನೀವು ‘ಊರು’ ಎನ್ನುವುದು ದಾಖಲೆಯಲ್ಲಿ ಗ್ರಾಮವೇ ಆಗಿರಬೇಕಿಲ್ಲ. ಅದು ಬೇರೊಂದು ಕಂದಾಯ ಗ್ರಾಮಕ್ಕೆ ಸೇರಿದ ಮಜರೆ (ಉಪಗ್ರಾಮ) ಆಗಿರಬಹುದು, ಆಗ ನಿಮ್ಮ ಊರಿನ ಹೆಸರಿನಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ಇನ್ನು ಕೆಲವು ಗ್ರಾಮಗಳ ಮುಂದೆ ‘ಬೇಚರಾಕ್’ ಎಂದು ಬರೆದಿರುತ್ತದೆ. ದೀಪವಿಲ್ಲದ್ದು, ಅಂದರೆ ಜನವಸತಿ ಇಲ್ಲದ್ದು ಎಂದರ್ಥ. ನಿಮ್ಮ ಗಡಿಗೆ ಹೊಂದಿ ಬೇಚರಾಕ್ ಗ್ರಾಮವಿದ್ದರೆ ಅದನ್ನು ಬಿಡಬೇಡಿ. ಅಲ್ಲಿ ಮನೆಯ ಪಾಯ, ಬಾವಿಯ ಕಟ್ಟು, ಕಾಡಿನ ನಡುವೆ ಹುಣಿಸೆ, ಹಲಸಿನ ಮರ ಸಿಕ್ಕಿದರೆ ಅದು ಎದ್ದುಹೋದ ಊರಿನ ಜಾಗ.

ಆಮೇಲೆ ನಕ್ಷೆ ಹಿಡಿದು ನಡೆಯಿರಿ. ಇದಕ್ಕೆ ಜನವರಿ, ಫೆಬ್ರವರಿ ಒಳ್ಳೆಯದು: ಕೊಯ್ಲು ಮುಗಿದು ಗದ್ದೆ ಒಣಗಿರುತ್ತದೆ, ಇಂಬಳದ (ಜಿಗಣೆಯ) ಕಾಟವಿಲ್ಲ, ಧರೆಯ ಮೇಲಿನ ಹಳು ಇಳಿದಿರುತ್ತದೆ. ಗದ್ದೆ ಮಾಡುವವರನ್ನೇ ಜೊತೆಗೆ ಕರೆದುಕೊಂಡು ಹೋಗಿ ಪ್ರತಿ ಗದ್ದೆಯ ಹೆಸರನ್ನು ನಕ್ಷೆಯ ಮೇಲೆ ಅವರು ಹೇಳಿದ ಹಾಗೇ ಬರೆಯಿರಿ, ತಿದ್ದಬೇಡಿ. ಮಕ್ಕಿ ಎಂದರೆ ಇಳಿಜಾರಿನ ಮೇಲಿನ ಮಳೆ ನಂಬಿದ ಗದ್ದೆ, ಬೈಲು ಎಂದರೆ ಕೆಳಗಿನ ನೀರು ನಿಲ್ಲುವ ಗದ್ದೆ. ‘ಕೊಡಿಗೆ’ ಎಂದು ಮುಗಿಯುವ ಹೆಸರಿದ್ದರೆ ಎಚ್ಚರವಾಗಿರಿ. ಕೊಡಿಗೆ ಅಂದರೆ ದತ್ತಿ ಬಿಟ್ಟ ಭೂಮಿ. ಕೆರೆ ಕಟ್ಟಿಸಿದವನಿಗೋ ನೋಡಿಕೊಳ್ಳುವವನಿಗೋ ಕೊಟ್ಟದ್ದು ಕೆರೆಕೊಡಿಗೆ, ಕಾಳಗದಲ್ಲಿ ಸತ್ತವನ ಮನೆಯವರಿಗೆ ಕೊಟ್ಟದ್ದು ನೆತ್ತರುಗೊಡಗಿ. ಅಂಥ ಹೆಸರಿನ ಗದ್ದೆಯ ಅಂಚಿನಲ್ಲಿ ಶಾಸನವೋ ವೀರಗಲ್ಲೋ ಇದೆಯೇ ಎಂದು ಹುಡುಕಬೇಕು.

ಕೆಳದಿ ಅರಸರು ಈ ಪುಸ್ತಕಕ್ಕೆ ಬರುವುದು ಇಲ್ಲಿಂದ. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕ ನೆಲವನ್ನು ಫಲವತ್ತಿನ ಮೇಲೆ ಐದು ದರ್ಜೆ ಮಾಡಿ, ಬೆಳೆಯ ಮೂರನೆಯ ಒಂದು ಪಾಲನ್ನು ಅರಮನೆಗೆ ಗೊತ್ತುಮಾಡಿದ. ಅದೇ ‘ಶಿಸ್ತು’. ನಿಮ್ಮ ಬೈಲು ಯಾವ ದರ್ಜೆಗೆ ಸೇರಿದಂಥದ್ದು, ಮಕ್ಕಿ ಯಾವುದು ಎಂದು ನೆಲ ನೋಡಿ ಹೇಳಬಲ್ಲವರು ನಿಮ್ಮ ಊರಿನಲ್ಲೇ ಇದ್ದಾರೆ.

ಪ್ರಶ್ನೆ: ನಮ್ಮ ಚೌಡಿ ಬನದಲ್ಲಿ ಎರಡು ಕೆತ್ತನೆ ಕಲ್ಲುಗಳಿವೆ. ಎಣ್ಣೆ, ಕುಂಕುಮ ಕಟ್ಟಿ ಕಪ್ಪಾಗಿವೆ. ಒಂದರ ಮೇಲೆ ಅಕ್ಷರ ಇದ್ದಂತಿದೆ. ಆ್ಯಸಿಡ್ ಹಾಕಿ ತೊಳೆದು ಬಣ್ಣ ಹಚ್ಚಿಸೋಣ ಎಂದು ಸಮಿತಿಯವರು ಹೇಳುತ್ತಿದ್ದಾರೆ. ಸರಿಯೇ?
(ತೀರ್ಥಹಳ್ಳಿ ತಾಲ್ಲೂಕಿನ ಓದುಗರು)

ಉತ್ತರ: ದಯವಿಟ್ಟು ಆ್ಯಸಿಡ್ಡೂ ಬೇಡ, ಬಣ್ಣವೂ ಬೇಡ. ಆ್ಯಸಿಡ್ ಕಲ್ಲಿನ ಮೈಯನ್ನೇ ತಿನ್ನುತ್ತದೆ. ಅಕ್ಷರದ ಅಂಚು ಒಂದು ಸಲ ಸವೆದರೆ ಮತ್ತೆ ಯಾರಿಂದಲೂ ಓದಲಾಗದು. ಎನಾಮಲ್ ಬಣ್ಣ ಅಕ್ಷರದ ಗೀರಿನೊಳಗೆ ತುಂಬಿಕೊಳ್ಳುತ್ತದೆ. ತಂತಿ ಬ್ರಷ್, ಕತ್ತಿ, ಮರಳು ಹಾಕಿ ಉಜ್ಜುವುದೂ ಅಷ್ಟೇ ಕೆಟ್ಟದ್ದು. ಬಿಸಿನೀರು ಹಾಕಿ ಹತ್ತು ನಿಮಿಷ ನೆನೆಸಿ, ತೆಂಗಿನ ನಾರಿನಿಂದ ಮೆತ್ತಗೆ ಉಜ್ಜಿ. ಎಣ್ಣೆಜಿಡ್ಡು ಗಟ್ಟಿಯಾಗಿದ್ದರೆ ಸೀಗೆಪುಡಿ ಕಲಸಿ ಹಚ್ಚಿ ತೊಳೆಯಿರಿ. ಒಂದೇ ದಿನಕ್ಕೆ ಬಿಡುವುದಿಲ್ಲ, ಮೂರು ನಾಲ್ಕು ಸಲ ಮಾಡಬೇಕು. ಪೂಜೆ ನಿಲ್ಲಿಸಬೇಕಾಗಿಲ್ಲ. ಎಣ್ಣೆ ಕುಂಕುಮವನ್ನು ಕಲ್ಲಿನ ಮುಂದೆ ಒಂದು ಪೀಠ ಇಟ್ಟು ಅದಕ್ಕೆ ಮಾಡಿದರೆ ಸಾಕು.

ಈಗ ಯಾವ ಕಲ್ಲು ಎಂದು ನೋಡೋಣ. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಅಂಕಣ: ಕೆಳಗೆ ಕಾಳಗ, ನಡುವೆ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಅವನು ಲಿಂಗದ ಮುಂದೆ ಕೈಮುಗಿದು ಕೂತದ್ದು. ಕೆಳಗಿನ ಅಂಕಣದಲ್ಲಿ ದನಗಳಿದ್ದರೆ ತುರುಗೊಳ್, ಅಂದರೆ ದನ ಹಿಡಿದುಕೊಂಡು ಹೋಗುವವರ ಜೊತೆ ಕಾದಾಡಿ ಸತ್ತದ್ದು. ಕಂಬದಿಂದ ಹೊರಟ, ಬಳೆ ತೊಟ್ಟ ಮಡಚಿದ ತೋಳು ಕಂಡರೆ ಅದು ಮಾಸ್ತಿಕಲ್ಲು, ಅಂದರೆ ಸತಿ ಹೋದವಳ ನೆನಪಿನ ಕಲ್ಲು. ವಾಮನನ ಕೊಡೆ, ಕಮಂಡಲು ಇದ್ದರೆ ಅಥವಾ ಲಿಂಗ ಒಂದೇ ಇದ್ದರೆ ಅದು ದತ್ತಿ ಭೂಮಿಯ ಗಡಿಗಲ್ಲು ಆಗಿರಬಹುದು. ಅಂಥದ್ದು ಈಗ ಇರುವ ಜಾಗಕ್ಕೆ ಬೇರೆ ಎಲ್ಲಿಂದಲೋ ಬಂದಿದೆಯೇ ಎಂದು ಹಿರಿಯರಲ್ಲಿ ಕೇಳಲೇಬೇಕು, ಗಡಿಗಲ್ಲಿನ ಅರ್ಥವೆಲ್ಲ ಅದು ನಿಂತಿದ್ದ ಜಾಗದಲ್ಲಿದೆ.

ಅಕ್ಷರ ಓದಲು ಮಧ್ಯಾಹ್ನದ ನೆಟ್ಟಬಿಸಿಲು ಪ್ರಯೋಜನವಿಲ್ಲ. ಕತ್ತಲಾದ ಮೇಲೆ ಕಲ್ಲಿನ ಪಕ್ಕಕ್ಕೆ, ಹೆಚ್ಚುಕಡಿಮೆ ಕಲ್ಲಿಗೆ ತಾಗುವಂತೆ ಟಾರ್ಚ್ ಹಿಡಿದರೆ ಬೆಳಕು ಗೀರುಗಳ ಮೇಲೆ ಹಾದು ನೆರಳು ಬೀಳುತ್ತದೆ. ಎಡದಿಂದ, ಬಲದಿಂದ, ಮೇಲಿನಿಂದ ಹೀಗೆ ಮೂರು ಸಲ ಬೆಳಕು ಹಿಡಿದು ಸಾಲುಸಾಲಾಗಿ ಫೋಟೋ ತೆಗೆಯಿರಿ. ಪಕ್ಕದಲ್ಲಿ ಒಂದು ಅಳತೆ ಪಟ್ಟಿ ಇರಲಿ.

ಓದುವ ಮೊದಲು ಇದು ಆಗಲೇ ಪ್ರಕಟವಾಗಿದೆಯೇ ನೋಡಿ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 7ನೆಯ ಸಂಪುಟದಲ್ಲಿ (1902) ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ತಾಲ್ಲೂಕಿನ ಶಾಸನಗಳಿವೆ. 8ನೆಯದರಲ್ಲಿ (1904) ಸೊರಬ, ಸಾಗರ, ನಗರ, ತೀರ್ಥಹಳ್ಳಿ. ಹೊಸನಗರದವರು ‘ನಗರ’ದ ಕೆಳಗೆ ಹುಡುಕಬೇಕು.

ಶಕವರ್ಷ ಸಿಕ್ಕಿದರೆ 78 ಕೂಡಿಸಿ. ಶಕ 1567 ಎಂದಿದ್ದರೆ 1645. ಆದರೆ ತಿಥಿ ಮಾಘವೋ ಫಾಲ್ಗುಣವೋ ಆಗಿದ್ದರೆ ಅಷ್ಟರಲ್ಲಿ ಜನವರಿ ದಾಟಿರುತ್ತದೆ, 79 ಕೂಡಿಸಬೇಕು. ಪಕ್ಕದಲ್ಲಿ ಸಂವತ್ಸರದ ಹೆಸರು ಇದ್ದೇ ಇರುತ್ತದೆ, ಅದರಿಂದ ತಾಳೆ ನೋಡಿ. 1567 ಪಾರ್ಥಿವ ಸಂವತ್ಸರ. ಒಂದು ವರ್ಷ ಹೆಚ್ಚುಕಮ್ಮಿ ಬಂದರೆ ನೀವು ತಪ್ಪು ಓದಿದಿರಿ ಎಂದಲ್ಲ. ಕೆಲವು ಶಾಸನಗಳಲ್ಲಿ ಕಳೆದ ವರ್ಷದ ಬದಲು ನಡೆಯುತ್ತಿರುವ ವರ್ಷವನ್ನೇ ಎಣಿಸಿದ್ದಾರೆ. ನಾಲ್ಕೈದು ವರ್ಷದ ಅಂತರ ಬಂದರೆ ಮಾತ್ರ ಅಂಕಿಯನ್ನು ಮತ್ತೆ ನೋಡಿ.

ಪ್ರಶ್ನೆ: ಅಟ್ಟದ ಪೆಟ್ಟಿಗೆಯಲ್ಲಿ ಕಪ್ಪು ಬಟ್ಟೆಯಂಥ ಮಡಚು ಪುಸ್ತಕ ಸಿಕ್ಕಿದೆ. ಬಿಳಿ ಅಕ್ಷರ, ಧೂಳು ತುಂಬಿದೆ. ಒರೆಸಬಹುದೇ?
(ಹೊಸನಗರ ತಾಲ್ಲೂಕು)

ಉತ್ತರ: ಒರೆಸಬೇಡಿ! ಅದು ಕಡತ. ಬಟ್ಟೆಗೆ ಹುಣಿಸೆಬೀಜದ ಅಂಟು ಮತ್ತು ಇದ್ದಿಲಪುಡಿ ಬಳಿದು, ಒಣಗಿಸಿ, ಹಲಗೆಯಂತೆ ಮಾಡಿ ಬಳಪದಲ್ಲಿ ಬರೆಯುತ್ತಿದ್ದರು. ಸ್ಲೇಟಿನ ಹಾಗೆ ಅಳಿಸಿ ಮತ್ತೆ ಬರೆಯಲು ಬರುವಂತೆಯೇ ಮಾಡಿದ್ದು ಅದು. ಒದ್ದೆ ಬಟ್ಟೆ ತಾಗಿದರೆ ಎರಡು ಮೂರು ತಲೆಮಾರಿನ ಲೆಕ್ಕ ಒಂದು ಕ್ಷಣದಲ್ಲಿ ಹೋಗುತ್ತದೆ. ಬೆರಳೂ ತಾಗಬಾರದು. ಮಡಿಕೆಯ ಅಂಚು ಹಿಡಿದು ನಿಧಾನ ಬಿಡಿಸಿ. ಅಂಟಿಕೊಂಡಿದ್ದರೆ ಎಳೆಯದೆ ಅಲ್ಲಿಗೇ ನಿಲ್ಲಿಸಿ. ಮಳೆಗಾಲದಲ್ಲಿ ಬಿಚ್ಚಲೇಬೇಡಿ. ಹುಣಿಸೆ ಅಂಟು ನಮ್ಮ ಜಡಿಮಳೆಯ ತೇವಕ್ಕೆ ಮೆತ್ತಗಾಗುತ್ತದೆ, ಜಿರಲೆಗೂ ಅದು ರುಚಿ. ಬೇಸಿಗೆಯ ಒಣ ದಿನ ನೆರಳಿನಲ್ಲಿ ಬಿಡಿಸಿ, ಪುಟಪುಟವಾಗಿ ಫೋಟೋ ತೆಗೆದು, ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಕವರಿನೊಳಗೆ ಬೆವರುತ್ತದೆ, ಬೇಡ.

ಒಳಗಿರುವುದು ಬಹುಮಟ್ಟಿಗೆ ಲೆಕ್ಕ: ಗೇಣಿ, ಅಡಿಕೆ ಮಾರಿದ್ದು, ಸಾಲ, ದೇವರ ಕಾರ್ಯದ ಖರ್ಚು. ವರಹ, ಹಣ, ಹಾಗ, ವೀಸ ಎಂಬ ಮಾತುಗಳು ಬರುತ್ತವೆ. ಹತ್ತು ಹಣಕ್ಕೆ ಒಂದು ವರಹ, ಹಣದ ಕಾಲುಭಾಗ ಹಾಗ, ಹದಿನಾರನೆಯ ಭಾಗ ವೀಸ. ಓದಲು ಬಾರದಿದ್ದರೆ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ವಿಚಾರಿಸಿ. ಅಲ್ಲಿ ಕಡತ, ತಾಳೆಗರಿಗಳ ಸಂಗ್ರಹವೇ ಇದೆ. ನಿಮ್ಮ ಪೆಟ್ಟಿಗೆಯಲ್ಲಿ ತಾಳೆಗರಿಯೂ ಇದ್ದು ಅಕ್ಷರ ಕನ್ನಡದಂತೆ ಕಂಡರೂ ಓದಲು ಬರದಿದ್ದರೆ ಅದು ಹಿಂದೆ ಹೆಚ್ಚಾಗಿ ಸಂಸ್ಕೃತ ಬರೆಯಲು ಬಳಸುತ್ತಿದ್ದ ತಿಗಳಾರಿ ಲಿಪಿ ಇರಬಹುದು.

ಪ್ರಶ್ನೆ: ಅಜ್ಜಿಮನೆಯಲ್ಲಿ ಮರದ ಎರಡು ಕೊಳಗ ಇವೆ. ಒಂದು ಸ್ವಲ್ಪ ದೊಡ್ಡದು. ಗೇಣಿ ಭತ್ತ ಅಳೆಯಲು ಒಂದು, ಮಾರಲು ಒಂದು ಎನ್ನುತ್ತಾರೆ. ಕಾಗೋಡಿನ ಹೋರಾಟಕ್ಕೂ ಇದಕ್ಕೂ ಸಂಬಂಧವಿದೆಯೇ?
(ಸಾಗರ ತಾಲ್ಲೂಕು)

ಉತ್ತರ: ನೇರ ಸಂಬಂಧವಿದೆ. ಗೇಣಿ ಇಷ್ಟು ಖಂಡುಗ ಎಂದು ಮಾತಾಗಿರುತ್ತಿತ್ತು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಆದರೆ ಕೊಳಗಕ್ಕೆ ಎಷ್ಟು ಸೇರು ಎಂಬುದು ಎಲ್ಲ ಕಡೆ ಒಂದೇ ಆಗಿರಲಿಲ್ಲ. ಒಡೆಯರ ಕೊಳಗ ದೊಡ್ಡದಾದರೆ ಮಾತಿನ ಖಂಡುಗ ಹಾಗೇ ಇದ್ದು ಕಣದಿಂದ ಹೋಗುವ ಭತ್ತ ಹೆಚ್ಚುತ್ತಿತ್ತು. ಕೊಳಗಕ್ಕೆ ಅರ್ಧ ಸೇರು ಹೆಚ್ಚಾದರೂ ಖಂಡುಗಕ್ಕೆ ಹತ್ತು ಸೇರು. ಇದನ್ನು ಒಪ್ಪುವುದಿಲ್ಲ ಎಂದು ಕಾಗೋಡಿನ ಗೇಣಿದಾರರು, ಹೆಚ್ಚಿನವರು ದೀವರು, ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ನಿಂತರು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ಸಮಾಜವಾದಿಗಳು ಜೊತೆಗೂಡಿದರು, ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಒಂದು ಅಳತೆ ಪಾತ್ರೆಯ ಜಗಳ ಉಳುವವನಿಗೇ ಭೂಮಿ ಎಂಬ ಮಾತಿನವರೆಗೆ ಹೋಯಿತು.

ನಿಮ್ಮಲ್ಲಿರುವ ಎರಡನ್ನೂ ಅಳೆದು ಬರೆದಿಡಿ. ನೀರು ಹಾಕಿ ಅಳೆಯಬೇಡಿ, ಒಣಗಿದ ಮರ ಉಬ್ಬಿ ಸೀಳು ಬಿಡುತ್ತದೆ. ರಾಗಿ ಅಥವಾ ಸಾಸಿವೆ ತುಂಬಿ, ಕುಲುಕದೆ, ಬಾಯಿಯನ್ನು ನೇರ ಕೋಲಿನಿಂದ ಗೀಟಿ, ಆ ಕಾಳನ್ನು ಲೀಟರ್ ಪಾತ್ರೆಯಲ್ಲಿ ಅಳೆಯಿರಿ. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಗೀಟಿದಳತೆ, ರಾಶಿಯಳತೆ (ಬಾಯಿ ಮೀರಿ ಗೋಪುರದಂತೆ ತುಂಬಿದ್ದು) ಎರಡನ್ನೂ ಬೇರೆಬೇರೆ ಬರೆಯಿರಿ, ಏಕೆಂದರೆ ಅಗಲ ಬಾಯಿಯ ಕೊಳಗದಲ್ಲಿ ರಾಶಿಗೆ ಹೆಚ್ಚು ಕಾಳು ನಿಲ್ಲುತ್ತದೆ. ಕೊಳಗದ ಮೋಸವೆಲ್ಲ ಎಷ್ಟೋ ಸಲ ತಳದಲ್ಲಲ್ಲ, ಬಾಯಿಯ ಅಗಲದಲ್ಲೇ ಇರುತ್ತಿತ್ತು. ಕಬ್ಬಿಣದ ಪಟ್ಟಿ, ಮುದ್ರೆಯ ಗುರುತು ಇದ್ದರೆ ಫೋಟೋ ತೆಗೆಯಿರಿ.

ಆಮೇಲೆ ಏನಾಯಿತು ಎಂಬುದು ತಾಲ್ಲೂಕು ಕಚೇರಿಯಲ್ಲಿದೆ. 1961ರ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸು ಅವರ ಕಾಲದಲ್ಲಿ ಆದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರರು ಉಳುವ ಭೂಮಿಯನ್ನು ತಮ್ಮ ಹೆಸರಿಗೆ ಕೇಳುವ ಅರ್ಜಿಯಾದ ಫಾರಂ ನಂಬರ್ 7 ಕೊಟ್ಟು ಭೂನ್ಯಾಯಮಂಡಳಿಯ ಮುಂದೆ ಹೋದರು. ನಿಮ್ಮ ಊರಿನ ಸರ್ವೆ ನಂಬರುಗಳ ಮ್ಯುಟೇಶನ್ ನೋಡಿದರೆ ಯಾವ ಗದ್ದೆ ಯಾವ ವರ್ಷ ಉಳುವವರ ಹೆಸರಿಗೆ ಬಂತು ಎಂದು ಸಾಲುಸಾಲಾಗಿ ಸಿಗುತ್ತದೆ. ಒಡೆಯರ ಮನೆಯವರನ್ನೂ ಗೇಣಿದಾರರ ಮನೆಯವರನ್ನೂ ಬೇರೆಬೇರೆಯಾಗಿ ಮಾತಾಡಿಸಿ. ಒಟ್ಟಿಗೆ ಕೂರಿಸಿದರೆ ದಾಕ್ಷಿಣ್ಯಕ್ಕೆ ಇಬ್ಬರೂ ಅರ್ಧ ಮಾತ್ರ ಹೇಳುತ್ತಾರೆ.

ಪ್ರಶ್ನೆ: ಸೊಪ್ಪಿನಬೆಟ್ಟ ನಮ್ಮದೇ ಜಮೀನೇ? ಪಹಣಿಯಲ್ಲಿ ಸರ್ಕಾರ ಎಂದು ಬರುತ್ತದೆ.
(ತೀರ್ಥಹಳ್ಳಿ ತಾಲ್ಲೂಕು)

ಉತ್ತರ: ಭೂಮಿ ಸರ್ಕಾರದ್ದು. ತೋಟಕ್ಕೆ ಸೊಪ್ಪು, ದರಗು (ಒಣಗಿ ಉದುರಿದ ಎಲೆ), ಒಣಕಟ್ಟಿಗೆ ತರುವ ಸೌಲಭ್ಯ ತೋಟದವರದ್ದು. ಮೈಸೂರು ಸೀಮೆಯ ಕಾನು (ದಟ್ಟ ಕಾಡು) ಮತ್ತು ಸೊಪ್ಪಿನಬೆಟ್ಟದ ಈ ಸೌಲಭ್ಯಗಳನ್ನು 1964ರ ಭೂಕಂದಾಯ ಕಾಯ್ದೆಯ 79ನೆಯ ಕಲಂ ಮುಂದುವರಿಸಿದೆ. ಬೆಟ್ಟವನ್ನು ಬೋಳಿಸಿ ಅಡಿಕೆ ಹಾಕಿದರೆ ಆ ಹಕ್ಕಿನ ಬುಡವೇ ಹೋಗುತ್ತದೆ. ಊರಿನ ಚರಿತ್ರೆ ಬರೆಯುವವರು ಬೆಟ್ಟದ ಸುತ್ತಲಿನ ಹಳೆಯ ಅಗಳವನ್ನು (ಕಂದಕವನ್ನು) ನಕ್ಷೆಯಲ್ಲಿ ಗುರುತಿಸಿ. ಯಾವ ತೋಟಕ್ಕೆ ಯಾವ ಬೆಟ್ಟ ಎಂಬುದು ಅದರಿಂದ ತಿಳಿಯುತ್ತದೆ.

ಪ್ರಶ್ನೆ: ಹಳೆಯ ಲೆಕ್ಕದ ಪುಸ್ತಕದಲ್ಲಿ ‘ಕೊಟ್ಟೆ ಕಟ್ಟಿದ ಕೂಲಿ’ ಎಂದಿದೆ. ಒಂದು ವರ್ಷದಿಂದ ಅದು ನಿಂತು ‘ಮೈಲುತುತ್ತ’ ಎಂದು ಶುರುವಾಗುತ್ತದೆ. ಇದೇನು? ಈಗ ನಾವು ಹೊಡೆಯುವ ಔಷಧಿ ಆಗಿನದೇ?
(ಸೊರಬ ತಾಲ್ಲೂಕು)

ಉತ್ತರ: ನಿಮ್ಮ ಪುಸ್ತಕದ ಆ ಪುಟ ಬಹಳ ಬೆಲೆಯುಳ್ಳದ್ದು, ಜೋಪಾನ ಮಾಡಿ. ಅಡಿಕೆಯ ಕೊಳೆರೋಗಕ್ಕೆ ಮೊದಲಿದ್ದ ಉಪಾಯವೆಂದರೆ ಮಳೆಗೆ ಮುಂಚೆ ಮರ ಹತ್ತಿ ಅಡಿಕೆ ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟಿ ನೀರು ಬೀಳದಂತೆ ಮಾಡುವುದು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ, ಕೆನಡಾದಿಂದ ಬಂದ ಲೆಸ್ಲಿ ಕೋಲ್‌ಮನ್ ಈ ರೋಗಕ್ಕೆ ಫೈಟಾಫ್ತೊರ ಎಂಬ ಶಿಲೀಂಧ್ರ ಕಾರಣ ಎಂದು ತೋರಿಸಿ, 1910ರ ಸುಮಾರಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಕಲಸಿದ ಬೋರ್ಡೊ ದ್ರಾವಣ ಹೊಡೆಯುವುದನ್ನು ಮಲೆನಾಡಿಗೆ ತಂದರು. ನಿಮ್ಮ ಊರಿಗೆ ಅದು ಯಾವ ವರ್ಷ ಬಂತು ಎಂಬುದಕ್ಕೆ ಆ ಲೆಕ್ಕದ ಪುಸ್ತಕವೇ ಸಾಕ್ಷಿ.

ಔಷಧಿ ಅದೇ. ಶೇಕಡಾ ಒಂದರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತವನ್ನು 50 ಲೀಟರಿನಲ್ಲಿ, ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಬೇರೆಬೇರೆ ಕರಗಿಸಿ, ಸುಣ್ಣದ ನೀರನ್ನು ಸೋಸಿ, ಅದಕ್ಕೆ ಮೈಲುತುತ್ತದ ನೀರನ್ನು ನಿಧಾನ ಹೊಯ್ಯುತ್ತಾ ಕಡ್ಡಿಯಲ್ಲಿ ತಿರುಗಿಸುತ್ತಿರಬೇಕು. ಮರದ ಅಥವಾ ಪ್ಲಾಸ್ಟಿಕ್ ಪೀಪಾಯಿ ಇರಲಿ; ಕಬ್ಬಿಣದ ಡ್ರಮ್ಮಿನಲ್ಲಿ ಮಾಡಿದರೆ ತಾಮ್ರವೆಲ್ಲ ಡ್ರಮ್ಮಿಗೇ ಕೂರುತ್ತದೆ. ಉಜ್ಜಿ ಹೊಳೆಯುವ ಕತ್ತಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಕೆಂಪು ಕಟ್ಟಿದರೆ ಹುಳಿ ಉಳಿದಿದೆ ಎಂದರ್ಥ, ಹಾಗೇ ಹೊಡೆದರೆ ಎಳೆಕಾಯಿ ಸುಡುತ್ತದೆ. ಕತ್ತಿ ಹೊಳೆಯುವವರೆಗೆ ಸುಣ್ಣದ ನೀರು ಸೇರಿಸಿ. ಹೆಚ್ಚಿನ ಸಲ ಕೆಡುವುದು ಸುಣ್ಣದಿಂದ. ಚೀಲ ಬಿಚ್ಚಿ ಗಾಳಿಗೆ ಬಿದ್ದ ಸುಣ್ಣದಲ್ಲಿ ಕಸುವಿರುವುದಿಲ್ಲ, ಕಿಲೋ ತೂಗಿ ಹಾಕಿದರೂ ಸಾಲದು. ಕಲಸಿದ ದಿನವೇ ಹೊಡೆದು ಮುಗಿಸಿ. ನಿಂತ ದ್ರಾವಣದ ಕಣ ದಪ್ಪವಾಗಿ ತಳ ಕೂರುತ್ತದೆ, ಕಾಯಿಗೆ ಅಂಟುವುದಿಲ್ಲ. ಮುಂಗಾರು ಹಿಡಿಯುವ ಮುಂಚೆ ಒಂದು ಸಲ, 40ರಿಂದ 45 ದಿನಕ್ಕೆ ಹೊಳವು (ಮಳೆಯ ಬಿಡುವು) ನೋಡಿ ಇನ್ನೊಂದು ಸಲ.

ಪ್ರಶ್ನೆ: ನಮ್ಮ ಹಿರಿಯರ ಊರು ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿದೆ. ಊರೇ ಇಲ್ಲದಾಗ ಚರಿತ್ರೆ ಬರೆಯುವುದು ಹೇಗೆ?
(ಶಿವಮೊಗ್ಗ)

ಉತ್ತರ: ದಾಖಲೆಯಲ್ಲಿ ಊರು ಇದೆ. 1951ರ ಜನಗಣತಿಯ ಜಿಲ್ಲಾ ಕೈಪಿಡಿಯಲ್ಲಿ ಗ್ರಾಮವಾರು ಪಟ್ಟಿ ನೋಡಿ, ಅಣೆಕಟ್ಟೆ ಮುಗಿದದ್ದು 1964ರಲ್ಲಿ. ಅದಕ್ಕೂ ಮುಂಚೆ 1948ರಲ್ಲಿ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆಗೆ ಮುಳುಗಿದ್ದಾದರೆ ಹುಡುಕಬೇಕಾದ ಕಡತಗಳೇ ಬೇರೆ, ಮೊದಲು ಅದನ್ನು ಖಚಿತ ಮಾಡಿಕೊಳ್ಳಿ. ಭೂಸ್ವಾಧೀನದ ಕಡತದಲ್ಲಿ ಮನೆ, ಬಾವಿ, ಮರಗಳ ಎಣಿಕೆ ಸಮೇತ ಪರಿಹಾರದ ಪಟ್ಟಿ ಇರುತ್ತದೆ. ಎಷ್ಟು ಅಡಿಕೆ ಮರ, ಎಷ್ಟು ತೆಂಗು, ಹಂಚಿನ ಮನೆಯೋ ಸೋಗೆ ಮನೆಯೋ ಎಂಬುದೆಲ್ಲ ಅದರಿಂದ ತಿಳಿಯಬಹುದು.

ಜಲಾಶಯದ ಪೂರ್ಣ ಮಟ್ಟ 1819 ಅಡಿ. ನೀರು ಇಳಿದ ವರ್ಷದ ಮೇ ತಿಂಗಳಿನಲ್ಲಿ ಮಡೆನೂರಿನ ಹಳೆಯ ಕಟ್ಟೆಯೇ ಮೇಲೆ ಕಾಣುತ್ತದೆ. ಆಗ ಹೋಗಿ, ಆದರೆ ಹೂಳಿನ ಮೇಲೆ ಕಾಲಿಡುವ ಮೊದಲು ಕೋಲು ಚುಚ್ಚಿ ನೋಡಿ. ಮೇಲೆ ಒಣಗಿ ಬಿರಿದ ಕಡೆಯೂ ಒಳಗೆ ಸೊಂಟದವರೆಗೆ ಕೆಸರಿರುತ್ತದೆ. ಹೋಗುವ ಮುಂಚೆ ಆ ಊರಿನಲ್ಲಿ ಹುಟ್ಟಿ ಬೆಳೆದ ಮೂವರು ಹಿರಿಯರಿಂದ, ಒಬ್ಬರದ್ದು ಇನ್ನೊಬ್ಬರಿಗೆ ತೋರಿಸದೆ, ಮನೆಗಳ ಸಾಲು, ಬಾವಿ, ಕಣ, ದೇವರ ಕಟ್ಟೆ ಇರುವ ಚಿತ್ರ ಬರೆಸಿಕೊಳ್ಳಿ. ಮೂರರಲ್ಲೂ ಒಂದೇ ಜಾಗದಲ್ಲಿ ಬಂದದ್ದನ್ನು ಶಾಯಿಯಲ್ಲಿ, ಬೇರೆಬೇರೆ ಬಂದದ್ದನ್ನು ಪೆನ್ಸಿಲಿನಲ್ಲಿ ಗುರುತಿಸಿ. ಹೆಂಗಸರನ್ನು ತಪ್ಪದೆ ಕೇಳಿ. ನೀರು ಹೊತ್ತ ದಾರಿ, ಬಟ್ಟೆ ಒಗೆದ ಕಲ್ಲು, ಯಾವ ಹಿತ್ತಲಿಂದ ಯಾವ ಹಿತ್ತಲಿಗೆ ಹೋಗುತ್ತಿದ್ದರು ಎಂಬುದು ಅವರ ನೆನಪಿನಲ್ಲಿ ಹೆಜ್ಜೆ ಲೆಕ್ಕದಲ್ಲಿ ಉಳಿದಿರುತ್ತದೆ. ಬಾವಿಯ ಕಟ್ಟು, ಮೆಟ್ಟಿಲುಗಲ್ಲು, ಒರಳುಕಲ್ಲು ಸಿಕ್ಕಿದ ಕಡೆ ಫೋನಿನಲ್ಲಿ ಜಾಗದ ಗುರುತು ಹಾಕಿಕೊಂಡು ಬನ್ನಿ. ಕಲ್ಲನ್ನು ಎತ್ತಿಕೊಂಡು ಬರಬೇಡಿ, ಮುಂದಿನ ಸಲ ನೀರು ಇಳಿದಾಗ ಹೋಗುವವರಿಗೆ ಅದೇ ಗುರುತು.